ಕೇಳುವ ಕೆಲಸವನ್ನು ಸರ್ಕಾರ ವಹಿಸಿಕೊಳ್ಳಲಿ: ಕರಾವಳಿಯ ರಕ್ತದಾನಿಗಳ ಪರವಾಗಿ ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ದಕ್ಷಿಣ ಕನ್ನಡ ಜಿಲ್ಲೆಯ ರಕ್ತ ಕೇಂದ್ರವೊಂದರಲ್ಲಿ ಆಪ್ತ ಸಮಾಲೋಚಕಿಯಾಗಿ ದುಡಿದು ನಿವೃತ್ತಳಾದವಳ ನಮಸ್ಕಾರಗಳು.

ಅಕ್ಟೋಬರ್ 1 ಹತ್ತಿರ ಬರುತ್ತಿದೆ. ನಮ್ಮ ದೇಶದಲ್ಲಿ ಸ್ವಯಂಪ್ರೇರಿತ ರಕ್ತದಾನಕ್ಕಾಗಿ ಬದುಕಿಡೀ ದುಡಿದ ಡಾ. ಜೈ ಗೋಪಾಲ್ ಜಾಲಿ ಅವರ ಜನ್ಮದಿನ ಅದು. 1975ರಿಂದ ಆ ದಿನವನ್ನು ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನವೆಂದು ಆಚರಿಸುತ್ತ ಬಂದಿದ್ದೇವೆ. ಜಿಲ್ಲಾ ಕೇಂದ್ರಗಳಲ್ಲಿ ವೇದಿಕೆ ಸಜ್ಜಾಗುತ್ತದೆ. ಹೆಚ್ಚು ಬಾರಿ ರಕ್ತ ಕೊಟ್ಟವರನ್ನು ಕರೆದು ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು ಗೌರವಿಸುತ್ತಾರೆ. ಆ ಗೌರವಕ್ಕೆ ಅವರು ನೂರಕ್ಕೆ ನೂರು ಅರ್ಹರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ಸಭೆಗಳಲ್ಲಿ ದಾನಿಗಳ ಕೈಗೆ ಮೈಕ್ ಬಂದದ್ದನ್ನು ನಾನು ಕಂಡದ್ದು ತೀರಾ ಕಡಿಮೆ. ಗಣ್ಯರು ಮಾತನಾಡುತ್ತಾರೆ, ದಾನಿಗಳು ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ಯಾಕೆ ಕೊಡುತ್ತೀರಿ ಎಂದು ಅವರನ್ನು ಕೇಳುವವರಿಲ್ಲ. ನಾನು ಕೇಳಿದ್ದೇನೆ. ಅವರು ಹೇಳಿದ್ದನ್ನು ನಿಮಗೆ ಮುಟ್ಟಿಸಬೇಕು ಮತ್ತು ಅದರಿಂದ ನಿಮ್ಮ ಇಲಾಖೆ ಮಾಡಬಹುದಾದ ಒಂದು ದೊಡ್ಡ ಕೆಲಸದ ಬಗ್ಗೆ ಹೇಳಬೇಕು ಎಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ರಕ್ತ ತೆಗೆಯುವ ಮೊದಲು ನಾವು ಕೇಳಬೇಕಾದ ಪ್ರಶ್ನೆಗಳ ಒಂದು ಉದ್ದ ನಮೂನೆ ಇರುತ್ತದೆ. ರಾತ್ರಿ ಸರಿಯಾಗಿ ನಿದ್ದೆ ಮಾಡಿದ್ದೀರಾ, ಊಟವಾಗಿದೆಯೇ, ಇತ್ತೀಚೆಗೆ ಮಲೇರಿಯಾ ಬಂದಿತ್ತೇ, ಹಚ್ಚೆ ಹಾಕಿಸಿಕೊಂಡಿದ್ದೀರಾ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ಕೆಲವು ಪ್ರಶ್ನೆಗಳನ್ನು ಗಂಡ ಹೆಂಡತಿಯ ಎದುರಿಗೂ ಕೇಳುವಂತಿಲ್ಲ. ಆದ್ದರಿಂದಲೇ ನಮ್ಮ ಮೇಜು ಯಾವಾಗಲೂ ಒಂದು ಪರದೆಯ ಹಿಂದೆ ಇರುತ್ತದೆ. ನಮೂನೆ ಮುಗಿದ ಮೇಲೆ ಅದರಲ್ಲಿಲ್ಲದ ಒಂದು ಪ್ರಶ್ನೆಯನ್ನು ನಾನಾಗಿಯೇ ಸೇರಿಸಿಕೊಂಡಿದ್ದೆ. "ಕೊಡಬೇಕು ಅಂತ ಯಾಕೆ ಅನ್ನಿಸಿತು?" ಉತ್ತರವನ್ನು ಎಲ್ಲಿಯೂ ಬರೆದುಕೊಳ್ಳುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದೆ ಅಷ್ಟೆ. ಇಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ. ಆ ಪರದೆಯ ಹಿಂದೆ ಹೇಳಿದ್ದು ಅಲ್ಲಿಯೇ ಉಳಿಯುತ್ತದೆ ಎಂಬ ನಂಬಿಕೆಯಿಂದಲೇ ಅವರು ಮಾತನಾಡಿದ್ದು.

ಬಂಟ್ವಾಳ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನಡೆದ ಶಿಬಿರವೊಂದು ನೆನಪಾಗುತ್ತದೆ. ಮಳೆಗಾಲ. ಎರಡು ದಿನ ಬಿಟ್ಟೂ ಬಿಡದೆ ಸುರಿದ ಮಳೆ ಆ ಬೆಳಿಗ್ಗೆ ತುಸು ಬಿಡುವು ಕೊಟ್ಟಿತ್ತು. ಅಡಿಕೆ ಮರ ಏರುವ ಯುವಕನೊಬ್ಬ ಬಂದು ಕುಳಿತ. ಮುಂಗೈಯ ಒಳಬದಿ, ಪಾದದ ಬದಿಗಳೆಲ್ಲ ಮರ ಉಜ್ಜಿ ಉಜ್ಜಿ ದಡ್ಡುಗಟ್ಟಿದ್ದವು. ನಮ್ಮ ತಂತ್ರಜ್ಞೆ ಅವನ ಬೆರಳಿನ ತುದಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಲೋಟದಲ್ಲಿದ್ದ ನೀಲಿ ದ್ರಾವಣಕ್ಕೆ ಬಿಟ್ಟಳು. ಹನಿ ಬೇಗನೆ ಮುಳುಗಿದರೆ ಹಿಮೋಗ್ಲೋಬಿನ್ ಹನ್ನೆರಡೂವರೆ ಗ್ರಾಂಗಿಂತ ಮೇಲಿದೆ ಎಂದರ್ಥ, ರಕ್ತ ಕೊಡಬಹುದು. ತೇಲಿದರೆ ಕೊಡುವಂತಿಲ್ಲ. ಯುವಕ ಆ ನೀಲಿಯನ್ನೇ ನೋಡುತ್ತಿದ್ದ. "ಅಕ್ಕಾ, ಇದು ಮೈಲುತುತ್ತ ಅಲ್ಲವೇ?" ಎಂದು ಕೇಳಿದ. ಹೌದು, ಅದು ಮೈಲುತುತ್ತವೇ. ಕೊಳೆರೋಗ ಬಾರದಂತೆ ಸುಣ್ಣದ ಜೊತೆ ಬೆರೆಸಿ ಅವನು ಅಡಿಕೆ ಗೊನೆಗಳಿಗೆ ಸಿಂಪಡಿಸುವ ಅದೇ ಮೈಲುತುತ್ತ. ಅವನ ಹನಿ ಒಂದು ಕ್ಷಣವೂ ತಡೆಯದೆ ನೇರವಾಗಿ ತಳ ಸೇರಿತು.

ರಕ್ತ ಕೊಟ್ಟ ಮೇಲೆ ಇಂದಾಗಲಿ ನಾಳೆಯಾಗಲಿ ಮರ ಏರಬಾರದು, ತಲೆ ಸುತ್ತಿದರೆ ಅಪಾಯ ಎಂದು ಹೇಳಿದೆ. "ಗೊತ್ತಕ್ಕಾ, ಎರಡು ದಿನ ಬರುವುದಿಲ್ಲ ಅಂತ ತೋಟದವರಿಗೆ ಹೇಳಿಯೇ ಬಂದಿದ್ದೇನೆ" ಎಂದ. ಮಾನ್ಯರೇ, ಮಳೆಗಾಲದಲ್ಲಿ ಬಿಸಿಲು ಬಿದ್ದ ಎರಡು ದಿನ ಎಂದರೆ ಮರ ಏರುವವನಿಗೆ ಏನೆಂದು ಅಡಿಕೆ ಬೆಳೆಗಾರರನ್ನು ಕೇಳಿ ನೋಡಿ. ಮದ್ದು ಬಿಡಲು ಸಿಗುವ ಬಿಡುವೇ ಅಷ್ಟು, ಎಲ್ಲ ತೋಟದವರೂ ಅವನಿಗಾಗಿ ಕಾಯುತ್ತಿರುತ್ತಾರೆ, ಕೂಲಿಯೂ ಆಗಲೇ ಹೆಚ್ಚು. ಆ ಕೂಲಿ ಬಿಟ್ಟು ಅವನು ಬಂದಿದ್ದ. ಯಾಕೆ ಎಂದು ಕೇಳಿದೆ.

"ನನ್ನ ಜೊತೆ ಮರ ಏರುತ್ತಿದ್ದವನು ಒಮ್ಮೆ ಬಿದ್ದ. ಮಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಯಾರದ್ದೋ ರಕ್ತ ಹಾಕಿದರು, ಬದುಕಿಕೊಂಡ. ಯಾರು ಕೊಟ್ಟರು ಅಂತ ಎಷ್ಟು ಕೇಳಿದರೂ ಹೇಳಲಿಲ್ಲ. ಹೇಳಿದ್ದರೆ ಅವರ ಮನೆಗೆ ಹೋಗಿ ಒಂದು ಗೊನೆ ಬಾಳೆಹಣ್ಣು ಕೊಟ್ಟು ಬರುತ್ತಿದ್ದೆ. ಗೊತ್ತಿಲ್ಲವಲ್ಲ, ಅದಕ್ಕೆ ಇಲ್ಲಿ ಕೊಡುತ್ತಿದ್ದೇನೆ."

ಅವನ ಬಗ್ಗೆ ಇಷ್ಟು ವಿಸ್ತಾರವಾಗಿ ಬರೆದುದಕ್ಕೆ ಕಾರಣವಿದೆ. ನಾನು ಕೇಳಿಸಿಕೊಂಡ ಉತ್ತರಗಳಲ್ಲಿ ಬಹುಪಾಲು ಇದೇ ಜಾತಿಯವು. ಗಲ್ಫ್‌ನಿಂದ ರಜೆಗೆ ಬಂದಾಗಲೆಲ್ಲ ತಪ್ಪದೆ ಬರುತ್ತಿದ್ದ ಒಬ್ಬರಿದ್ದರು. ಅವರ ತಂದೆಗೆ ತುರ್ತು ಶಸ್ತ್ರಚಿಕಿತ್ಸೆಯಾದಾಗ ಮಗನಾಗಿ ಅವರು ಸಮುದ್ರದ ಆಚೆಗಿದ್ದರು. ಪಕ್ಕದ ಊರಿನ ಯುವಕ ಮಂಡಲದ ಹುಡುಗರು ಹೋಗಿ ರಕ್ತ ಕೊಟ್ಟಿದ್ದರು. ಹೆರಿಗೆಯಲ್ಲಿ ತಂಗಿಯನ್ನು ಕಳೆದುಕೊಂಡ ಮನೆಯಿಂದ ಅಣ್ಣತಮ್ಮಂದಿರು ಒಟ್ಟಿಗೆ ಬರುತ್ತಿದ್ದರು, ತಂಗಿಯ ಮಾತನ್ನು ಒಮ್ಮೆ ಮಾತ್ರ ಎತ್ತಿದ್ದರು. ಇನ್ನು ನಮ್ಮ ಖಾಸಗಿ ಬಸ್ಸುಗಳ ಚಾಲಕರು, ನಿರ್ವಾಹಕರು, ರಿಕ್ಷಾ ಚಾಲಕರು. ಇವರನ್ನು ಯಾಕೆ ಎಂದು ಕೇಳಿದರೆ ಪ್ರಶ್ನೆಯೇ ಅರ್ಥವಾಗದವರಂತೆ ನೋಡುತ್ತಿದ್ದರು. "ಫೋನ್ ಬಂತು, ಬಂದೆ." ಅಷ್ಟೇ ಉತ್ತರ.

ಅರುವತ್ತೈದು ತುಂಬಲು ಬಂದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಕೊನೆಯ ಬಾರಿ ಕೊಟ್ಟ ದಿನ ಮಂಚದಿಂದ ಇಳಿಯಲು ಮನಸ್ಸು ಬಾರದೆ ಕುಳಿತಿದ್ದರು. ನಿಯಮದ ಪ್ರಕಾರ ಆ ವಯಸ್ಸು ದಾಟಿದವರಿಂದ ತೆಗೆದುಕೊಳ್ಳುವಂತಿಲ್ಲ. ಮುಂದಿನ ಶಿಬಿರಕ್ಕೆ ಅವರು ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಒಂದು ವ್ಯಾನಿನ ತುಂಬ ಕರೆದುಕೊಂಡು ಬಂದರು. ಆ ವಿದ್ಯಾರ್ಥಿಗಳನ್ನು ಕೇಳಿದಾಗಲೂ ಬಂದದ್ದು ಒಂದೇ ಉತ್ತರ. "ಮಾಸ್ಟ್ರು ಕರೆದರು."

ಸಚಿವರೇ, ನಿಮ್ಮ ಇಲಾಖೆಯ ಭಿತ್ತಿಚಿತ್ರಗಳು ಚೆನ್ನಾಗಿವೆ. ಆದರೆ ಭಿತ್ತಿಚಿತ್ರ ನೋಡಿ ಬಂದೆ ಎಂದವರನ್ನು ನಾನು ಕಂಡಿಲ್ಲ. ಗುರುತಿನವರೊಬ್ಬರು ಕೇಳಿದರು, ಅದಕ್ಕೇ ಬಂದರು. ಒಮ್ಮೆ ಬಂದವರು ಮತ್ತೆ ಬಂದದ್ದು ನಮ್ಮವರು ನಡೆಸಿಕೊಂಡ ರೀತಿಯಿಂದ. ಸೂಜಿ ನೋವಾಗದಂತೆ ಚುಚ್ಚಿದ ದಾದಿ, ಮುಗಿದ ಮೇಲೆ ಹತ್ತು ನಿಮಿಷ ಕೂರಿಸಿ ಚಹಾ ಬಿಸ್ಕೆಟ್ ಕೊಟ್ಟು ಮಾತನಾಡಿಸಿದ ಸ್ವಯಂಸೇವಕಿ, ಮೂರು ತಿಂಗಳ ನಂತರ ನೆನಪಿಟ್ಟು ಫೋನ್ ಮಾಡಿದ ಹುಡುಗ. ನಮ್ಮ ಕರಾವಳಿಯಲ್ಲಿ ರಕ್ತದ ದಾಸ್ತಾನು ನಿಂತಿರುವುದು ಇವರ ಮೇಲೆ.

ಆ ಹುಡುಗರ ಬಗ್ಗೆ ಬರೆಯದಿದ್ದರೆ ಈ ಪತ್ರ ಬರೆದೂ ಪ್ರಯೋಜನವಿಲ್ಲ. ಮಂಗಳೂರು, ದೇರಳಕಟ್ಟೆ, ಸುಳ್ಯವೆಂದು ನಮ್ಮ ಜಿಲ್ಲೆಯೊಂದರಲ್ಲೇ ಎಂಟು ವೈದ್ಯಕೀಯ ಕಾಲೇಜುಗಳಿವೆ. 1848ರಷ್ಟು ಹಳೆಯ ವೆನ್ಲಾಕ್ ಆಸ್ಪತ್ರೆ ಇದೆ, ಹೆರಿಗೆಗೆ ಲೇಡಿ ಗೋಷನ್ ಇದೆ. ಹೀಗಾಗಿ ಕಾಸರಗೋಡು, ಕೊಡಗು, ಚಿಕ್ಕಮಗಳೂರು, ಹಾಸನ, ಉತ್ತರ ಕನ್ನಡ, ಇನ್ನೂ ಆಚೆಯ ಹಾವೇರಿ, ದಾವಣಗೆರೆಗಳಿಂದಲೂ ರೋಗಿಗಳು ಇಲ್ಲಿಗೆ ಬರುತ್ತಾರೆ. ಚಾರ್ಮಾಡಿ ಘಾಟಿ ಇಳಿದು ನಡುರಾತ್ರಿ ಆಂಬುಲೆನ್ಸಿನಲ್ಲಿ ಬಂದ ಕುಟುಂಬಕ್ಕೆ ಈ ಊರಿನಲ್ಲಿ ಒಂದು ನರಪಿಳ್ಳೆಯ ಪರಿಚಯವಿರುವುದಿಲ್ಲ. ಅಂಥವರ ಕೈಗೆ ಒಂದು ಚೀಟಿ ಕೊಟ್ಟು, "ನಿಮ್ಮ ಕಡೆಯಿಂದ ಇಬ್ಬರು ದಾನಿಗಳನ್ನು ಕರೆತನ್ನಿ" ಎಂದು ಹೇಳುವ ಆಸ್ಪತ್ರೆಗಳು ಈಗಲೂ ಇವೆ. ಆಸ್ಪತ್ರೆಯೊಂದರ ಮೆಟ್ಟಿಲ ಮೇಲೆ ಆ ಚೀಟಿ ಹಿಡಿದುಕೊಂಡು, ಬರುವ ಹೋಗುವವರ ಮುಖ ನೋಡುತ್ತ ನಿಂತಿದ್ದ ಗಂಡಸರನ್ನು ನಾನು ಕಂಡಿದ್ದೇನೆ. ಒಳಗೆ ಹೆಂಡತಿ, ಹೊರಗೆ ಗುರುತಿಲ್ಲದ ಊರು.

ಆಗ ಮೊಬೈಲಿನಲ್ಲಿ ಒಂದು ಸಂದೇಶ ಓಡುತ್ತದೆ. ಯಾವ ಆಸ್ಪತ್ರೆ, ಯಾವ ಗುಂಪು, ಎಷ್ಟು ಯೂನಿಟ್. ಒಂದು ಗಂಟೆಯೊಳಗೆ ಇಬ್ಬರು ಹುಡುಗರು ಬೈಕಿನಲ್ಲಿ ಬಂದು ಇಳಿಯುತ್ತಾರೆ. ಒಬ್ಬ ಮೀನಿನ ದಕ್ಕೆಯಲ್ಲಿ ಕೆಲಸ ಮಾಡುವವನು, ಇನ್ನೊಬ್ಬ ಡಿಪ್ಲೊಮಾ ಓದುತ್ತಿರುವವನು. ರೋಗಿ ಯಾರೆಂದು ಅವರು ವಿಚಾರಿಸುವುದಿಲ್ಲ. ಕೊಟ್ಟು, ಹಣ್ಣಿನ ರಸದ ಪೊಟ್ಟಣ ಕುಡಿದು, ಆ ಕುಟುಂಬದ ಯಜಮಾನ ಜೇಬಿಗೆ ತುರುಕಲು ಬಂದ ನೋಟನ್ನು ಬೇಡವೆಂದು ಕೈ ಹಿಡಿದು ತಡೆದು ಹೋಗುತ್ತಾರೆ. ಎಷ್ಟೋ ಸಲ ಆ ಕುಟುಂಬ ಅವರ ಹೆಸರನ್ನೂ ಕೇಳಿರುವುದಿಲ್ಲ.

ನಮ್ಮ ಜಿಲ್ಲೆಯ ಹೆಸರು ಪತ್ರಿಕೆಯ ಮುಖಪುಟಕ್ಕೆ ಬರುವುದು ಹೆಚ್ಚಾಗಿ ಬೇರೆಯದೇ ಕಾರಣಗಳಿಗೆ. ಆ ಸುದ್ದಿಗಳು ಸುಳ್ಳೆಂದು ನಾನು ಹೇಳಲಾರೆ. ಅವುಗಳ ನೋವನ್ನು ಇಲ್ಲಿಯವಳಾಗಿ ಉಂಡಿದ್ದೇನೆ. ಆದರೆ ಇದೇ ಜಿಲ್ಲೆಯಲ್ಲಿ ಭಜನಾ ಮಂದಿರದ ಸಭಾಂಗಣದಲ್ಲಿ, ಮಸೀದಿಯ ಅಂಗಳದಲ್ಲಿ, ಚರ್ಚಿನ ಯುವ ಸಂಘಟನೆಯ ಕೋಣೆಯಲ್ಲಿ ಶಿಬಿರಗಳಾಗುತ್ತವೆ. ಚೌತಿಗೆ ಒಂದು ಕಡೆ, ಮಿಲಾದ್‌ಗೆ ಒಂದು ಕಡೆ, ಕ್ರಿಸ್ಮಸ್‌ಗೆ ಇನ್ನೊಂದು ಕಡೆ. ಪುನೀತ್ ರಾಜ್‌ಕುಮಾರ್ ಅವರ ಹುಟ್ಟುಹಬ್ಬವಾದ ಮಾರ್ಚ್ 17ರಂದು ರಾಜ್ಯದ ಉದ್ದಗಲಕ್ಕೂ ಅಭಿಮಾನಿಗಳು ಶಿಬಿರ ನಡೆಸುತ್ತಾರೆ, ನಮ್ಮಲ್ಲಿಯೂ ನಡೆಸುತ್ತಾರೆ. ರಕ್ತದ ಚೀಲದ ಮೇಲಿನ ಚೀಟಿಯಲ್ಲಿ ಒಂದು ಸಂಖ್ಯೆ, ಗುಂಪು, ತೆಗೆದ ದಿನಾಂಕ, ಅವಧಿ ಮುಗಿಯುವ ದಿನಾಂಕ ಇರುತ್ತವೆ. ಹೆಸರಿರುವುದಿಲ್ಲ. ಮಸೀದಿಯ ಅಂಗಳದಲ್ಲಿ ತುಂಬಿದ ಚೀಲ ಯಾರ ಮಂಚದ ಪಕ್ಕದಲ್ಲಿ ತೂಗುತ್ತದೆ ಎಂಬುದು ಕೊಟ್ಟವನಿಗೂ ಗೊತ್ತಿಲ್ಲ, ಪಡೆದವನಿಗೂ ಗೊತ್ತಿಲ್ಲ. ಊರಿನಲ್ಲಿ ನಿಷೇಧಾಜ್ಞೆ ಇದ್ದ ದಿನಗಳಲ್ಲಿಯೂ ದಾನಿಗಳು ಕೇಂದ್ರದ ಬಾಗಿಲಿಗೆ ಬಂದಿದ್ದರು. ಅವರನ್ನು ಕಂಡಾಗ ನನಗೆ ನನ್ನ ಊರಿನ ಬಗ್ಗೆ ಹುಟ್ಟಿದ ಹೆಮ್ಮೆಯನ್ನು ಇನ್ನಾವುದೂ ಹುಟ್ಟಿಸಿಲ್ಲ.

ಇವರು ಹಣಕ್ಕಾಗಿ ಕೊಡುವುದಿಲ್ಲ ಎಂಬುದನ್ನು ನಾವು ಈಗ ಸಹಜವೆಂದು ತಿಳಿದುಕೊಂಡಿದ್ದೇವೆ. ಮೊದಲು ಹಾಗಿರಲಿಲ್ಲ. ದೊಡ್ಡ ಊರುಗಳ ಆಸ್ಪತ್ರೆಗಳ ಸುತ್ತ ರಕ್ತ ಮಾರಿ ಬದುಕುವವರಿದ್ದರು, ಅವರನ್ನು ಕರೆತರುವ ದಲ್ಲಾಳಿಗಳಿದ್ದರು. ಹಸಿದವನು ಮತ್ತೆ ಮತ್ತೆ ಮಾರುತ್ತಿದ್ದ, ತನ್ನ ಕಾಯಿಲೆಯನ್ನು ಮುಚ್ಚಿಡುತ್ತಿದ್ದ. ಕಾಮನ್ ಕಾಸ್ ಸಂಸ್ಥೆ ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟು, 1998ರ ಜನವರಿ 1ರಿಂದ ರಕ್ತ ಮಾರಾಟಕ್ಕೆ ನಿಷೇಧ ಬಂತು. ಅಷ್ಟು ದೊಡ್ಡ ತೂತನ್ನು ತುಂಬಿದವರು ಯಾರು? ಮರ ಏರುವವರು, ಬಸ್ ಓಡಿಸುವವರು, ಕಾಲೇಜಿನ ಮಕ್ಕಳು. 2002ರ ರಾಷ್ಟ್ರೀಯ ರಕ್ತ ನೀತಿ ಇನ್ನೂ ಒಂದು ಮಾತು ಹೇಳಿತ್ತು: ರೋಗಿಯ ಕಡೆಯವರಿಂದ ಬದಲಿ ರಕ್ತ ಕೇಳುವ ಪದ್ಧತಿ ಹಂತಹಂತವಾಗಿ ಹೋಗಬೇಕು, ಸ್ವಯಂಪ್ರೇರಿತ ದಾನವೇ ಉಳಿಯಬೇಕು ಎಂದು. ಮಾರಾಟವನ್ನು ನಿಲ್ಲಿಸಿದೆವು. ಬದಲಿ ಚೀಟಿಯನ್ನು ಮಾತ್ರ ಇಷ್ಟು ವರ್ಷವಾದರೂ ಪೂರ್ತಿ ನಿಲ್ಲಿಸಲು ನಮ್ಮಿಂದ ಆಗಿಲ್ಲ.

ಬದಲಿ ರಕ್ತದಲ್ಲಿ ಏನು ತಪ್ಪು ಎಂದು ಕೆಲವರು ಕೇಳುತ್ತಾರೆ. ನಾನು ಪರದೆಯ ಹಿಂದೆ ಕುಳಿತು ಕಂಡದ್ದನ್ನು ಹೇಳುತ್ತೇನೆ. ಅಣ್ಣನ ಶಸ್ತ್ರಚಿಕಿತ್ಸೆ ಒಳಗೆ ನಿಂತಿದೆ ಎಂದಾಗ ತಮ್ಮನಾದವನು ತನಗೆ ಕಾಮಾಲೆಯಾಗಿತ್ತು ಎಂದು ಹೇಳುವ ಧೈರ್ಯ ಮಾಡುತ್ತಾನೆಯೇ? ಮನೆಯವರೆಲ್ಲ ಹೊರಗೆ ಕಾಯುತ್ತಿರುವಾಗ ತನ್ನ ಖಾಸಗಿ ಬದುಕಿನ ಅಪಾಯದ ಪ್ರಶ್ನೆಗೆ ಹೌದು ಎನ್ನುತ್ತಾನೆಯೇ? ಪ್ರತಿ ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾಗಳಿಗೆ ಪರೀಕ್ಷಿಸುತ್ತೇವೆ, ನಿಜ. ಆದರೆ ಸೋಂಕು ತಗುಲಿದ ಮೊದಲ ದಿನಗಳಲ್ಲಿ ಅದು ಪರೀಕ್ಷೆಗೆ ಸಿಕ್ಕದೆ ಹೋಗಬಹುದು. ಆಗ ರೋಗಿಯನ್ನು ಕಾಯುವುದು ದಾನಿಯ ನಿಜವಾದ ಮಾತೊಂದೇ. ತನ್ನಷ್ಟಕ್ಕೆ ತಾನು ಬಂದವನು ನಿರಾಳವಾಗಿ "ಈ ಸಲ ಬೇಡ ಮೇಡಂ" ಎಂದು ಎದ್ದು ಹೋಗಬಲ್ಲ. ತಮ್ಮನಿಗೆ ಹಾಗೆ ಎದ್ದು ಹೋಗಲಾಗುವುದಿಲ್ಲ.

ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವ ಮಗುವಿನ ತಾಯಿಯೊಬ್ಬರು ಒಂದು ನೋಟ್‌ಬುಕ್ ಇಟ್ಟಿದ್ದರು. ಮಗುವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಹಾಕಿಸಬೇಕು. ಇವತ್ತಿಗೆ, ನಾಳೆಗೆ ಮುಗಿಯುವುದಲ್ಲ, ಬದುಕಿರುವವರೆಗೂ. ಆ ನೋಟ್‌ಬುಕ್ಕಿನಲ್ಲಿ ಔಷಧದ ಲೆಕ್ಕವಿರಬಹುದು ಎಂದುಕೊಂಡಿದ್ದೆ. ಒಮ್ಮೆ ಬಿಡಿಸಿ ತೋರಿಸಿದರು. ಪುಟದ ತುಂಬ ಫೋನ್ ಸಂಖ್ಯೆಗಳು. ಪ್ರತಿ ಸಂಖ್ಯೆಯ ಎದುರು ಅವರು ಕೊನೆಯ ಸಲ ಕೊಟ್ಟ ದಿನಾಂಕ, ಮತ್ತೆ ಯಾವಾಗ ಕೇಳಬಹುದು ಎಂಬ ದಿನಾಂಕ. ಕೆಲವು ಕಡೆ ಪೆನ್ಸಿಲಿನಲ್ಲಿ ಸಣ್ಣ ಟಿಪ್ಪಣಿ: ಮದುವೆ ಇದೆ, ಈ ತಿಂಗಳು ಬೇಡ, ಊರಿನಲ್ಲಿಲ್ಲ, ಜ್ವರ. ಆ ತಾಯಿ ತಮ್ಮ ಮಗುವಿನ ಕಾಯಿಲೆಯನ್ನು ನೋಡಿಕೊಳ್ಳುವುದರ ಜೊತೆಗೆ ಒಂದು ಸಣ್ಣ ರಕ್ತ ಕೇಂದ್ರದ ಆಡಳಿತವನ್ನೂ ನಡೆಸುತ್ತಿದ್ದರು. ಕೇಳಿ ಕೇಳಿ ಸಂಕೋಚವಾಗುತ್ತದೆ, ಕೆಲವರು ಫೋನ್ ಎತ್ತದಿದ್ದಾಗ ಮತ್ತೆ ಮಾಡಲು ಕೈ ಬರುವುದಿಲ್ಲ ಎಂದಿದ್ದರು. ಆ ಸಂಖ್ಯೆಗಳ ಆಚೆ ಬದಿಯಲ್ಲಿದ್ದವರು ಎಂಥವರೆಂದರೆ, ಅವರಲ್ಲಿ ಹಲವರು ಆ ಮಗುವನ್ನು ಒಮ್ಮೆಯೂ ಕಂಡಿರಲಿಲ್ಲ, ಆದರೂ ವರ್ಷಗಟ್ಟಲೆ ಸರದಿ ತಪ್ಪಿಸಿರಲಿಲ್ಲ. ಥಲಸ್ಸೇಮಿಯಾವನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿಸಲಾಗಿದೆ. ಹಕ್ಕು ಎಂದು ಬರೆದ ಮೇಲೂ ಆ ತಾಯಿ ಫೋನ್ ಹಿಡಿದು ಬೇಡಬೇಕೇ?

ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಇದನ್ನೇ. ಕೊಡುವವರು ನಮ್ಮಲ್ಲಿ ಇದ್ದಾರೆ, ಧಾರಾಳವಾಗಿ ಇದ್ದಾರೆ. ಅವರು ಕಾಯುತ್ತಿರುವುದು ಯಾರಾದರೂ ಬಂದು ಕೇಳಲಿ ಎಂದು. ಆ ಕೇಳುವ ಕೆಲಸ ಇಂದು ರೋಗಿಯ ಮನೆಯವರ ಮತ್ತು ಸ್ವಂತ ಖರ್ಚಿನಲ್ಲಿ ಓಡಾಡುವ ಒಂದಿಷ್ಟು ಹುಡುಗರ ತಲೆಯ ಮೇಲಿದೆ. ಅದನ್ನು ಸರ್ಕಾರ ವಹಿಸಿಕೊಳ್ಳಬೇಕು. ತಾಲ್ಲೂಕಿಗೊಬ್ಬರಂತೆ ಇದೇ ಕೆಲಸಕ್ಕೆಂದು ಸಂಬಳದ ಮೇಲೆ ಒಬ್ಬರನ್ನು ನೇಮಿಸಿ. ಊರು ಬಲ್ಲವರಾಗಿರಲಿ. ಯಾವ ಊರಿನಲ್ಲಿ ಯಾರು ಕರೆದರೆ ಜನ ಬರುತ್ತಾರೆ ಎಂದು ತಿಳಿದವರಾಗಿರಲಿ, ಮಾಸ್ಟ್ರನ್ನೂ ಮಸೀದಿಯ ಕಾರ್ಯದರ್ಶಿಯನ್ನೂ ಯುವತಿ ಮಂಡಲದ ಅಧ್ಯಕ್ಷೆಯನ್ನೂ ಬಲ್ಲವರಾಗಿರಲಿ.

ಶಿಬಿರಗಳ ಲೆಕ್ಕಾಚಾರವೂ ಬದಲಾಗಬೇಕು. ಒಂದೇ ದಿನ ನೂರಾರು ಚೀಲ ಸಂಗ್ರಹಿಸಿ ದಾಖಲೆ ಎನ್ನುವುದು ಸಂಭ್ರಮಕ್ಕೆ ಚೆನ್ನ, ರೋಗಿಗೆ ಅಲ್ಲ. ಮುನ್ನೂರೈವತ್ತು ಮಿಲಿಲೀಟರಿನ ಒಂದು ಚೀಲವನ್ನು ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಎಂದು ಬೇರ್ಪಡಿಸಿ ಮೂವರಿಗೆ ಕೊಡಬಹುದು. ಆದರೆ ಪ್ಲೇಟ್‌ಲೆಟ್ ಉಳಿಯುವುದು ಐದೇ ದಿನ. ಕೆಂಪು ಕಣ ಬಳಸುವ ದ್ರಾವಣಕ್ಕೆ ತಕ್ಕಂತೆ ಮೂವತ್ತೈದು ಇಲ್ಲವೇ ನಲವತ್ತೆರಡು ದಿನ. ಇಂದು ಉಕ್ಕಿ ಹರಿದು ಮುಂದಿನ ತಿಂಗಳು ಬತ್ತಿದರೆ ಏನು ಪ್ರಯೋಜನ? ಅದೂ ಅಲ್ಲದೆ ಅಂದು ಕೊಟ್ಟವರನ್ನೆಲ್ಲ ಮತ್ತೆ ಕರೆಯಲು ಗಂಡಸರಾದರೆ ಮೂರು ತಿಂಗಳು, ಹೆಂಗಸರಾದರೆ ನಾಲ್ಕು ತಿಂಗಳು ಕಾಯಬೇಕು. ಸಣ್ಣ ಸಣ್ಣ ಶಿಬಿರಗಳು ವಾರಕ್ಕೊಂದರಂತೆ ಆಗುತ್ತಿರಲಿ.

ಅವುಗಳಿಗೆ ಊರಿನ ಪಂಚಾಂಗವನ್ನು ನೋಡಿ ದಿನ ಗೊತ್ತುಮಾಡಲಿ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ಪರೀಕ್ಷೆ, ರಜೆ. ಹಾಸ್ಟೆಲುಗಳು ಖಾಲಿಯಾಗುತ್ತವೆ, ಊರಿನಲ್ಲಿ ಮದುವೆ, ಕೋಲ, ಜಾತ್ರೆ. ಪ್ರತಿ ವರ್ಷ ಅದೇ ಹೊತ್ತಿಗೆ ನಮ್ಮ ಶೀತಲ ಪೆಟ್ಟಿಗೆಗಳು ಬರಿದಾಗುತ್ತವೆ, ಪ್ರತಿ ವರ್ಷವೂ ಅದು ಅನಿರೀಕ್ಷಿತ ಎಂಬಂತೆ ಓಡಾಡುತ್ತೇವೆ. ಕರಾವಳಿಗೆ ಇನ್ನೊಂದು ಅನುಕೂಲವಿದೆ, ಅದನ್ನು ನಾವು ಸರಿಯಾಗಿ ಬಳಸಿಕೊಂಡೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಗಟ್ಟಿಮುಟ್ಟಾದ ಗಂಡಸರು ಮಲ್ಪೆಯಿಂದ ಮಂಗಳೂರಿನವರೆಗೆ ದಡದಲ್ಲಿರುತ್ತಾರೆ, ಬಲೆ ಹೆಣೆಯುತ್ತ, ದೋಣಿ ರಿಪೇರಿ ಮಾಡುತ್ತ. ಡೆಂಗಿ ಹೆಚ್ಚಾಗುವುದೂ ಅದೇ ಮಳೆಗಾಲದಲ್ಲಿ. ಬಂದರಿಗೇ ಶಿಬಿರ ಕೊಂಡೊಯ್ಯಿರಿ. ಮೀನುಗಾರರ ಸಂಘಗಳು ಇಲ್ಲವೆನ್ನುವುದಿಲ್ಲ.

ದಿನಗೂಲಿಯವರಿಗೆ ರಕ್ತಕ್ಕೆ ಪ್ರತಿಯಾಗಿ ಹಣ ಕೊಡುವಂತಿಲ್ಲ, ಕೊಡಲೂಬಾರದು. ಆದರೆ ಅವರ ಒಂದು ದಿನ ಹಾಳಾಗದಂತೆ ನೋಡಿಕೊಳ್ಳಬಹುದು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಶಿಬಿರ ಇಟ್ಟರೆ ಕೂಲಿಯವನು ಬರುವುದು ಹೇಗೆ? ಸಂಜೆ ಇಡಿ, ಮರುದಿನ ಅವನಿಗೆ ಬಿಡುವಿರುವಂತೆ ಶನಿವಾರ ಸಂಜೆ ಇಡಿ. ಕೇಂದ್ರ ಸರ್ಕಾರದ ನೌಕರರಿಗೆ ರಕ್ತದಾನಕ್ಕೆಂದು ವರ್ಷಕ್ಕೆ ನಾಲ್ಕು ದಿನದವರೆಗೆ ವಿಶೇಷ ಸಾಂದರ್ಭಿಕ ರಜೆ ಇದೆ. ಗೋಡಂಬಿ ಕಾರ್ಖಾನೆಯ, ಹೆಂಚಿನ ಕಾರ್ಖಾನೆಯ, ಬಟ್ಟೆ ಅಂಗಡಿಯ ನೌಕರರಿಗೆ ಅರ್ಧ ದಿನವಾದರೂ ಸಂಬಳ ಕತ್ತರಿಸದ ರಜೆ ಸಿಗುವಂತೆ ಮಾಲೀಕರನ್ನು ಒಪ್ಪಿಸುವುದು ನಿಮ್ಮ ಸರ್ಕಾರಕ್ಕೆ ಕಷ್ಟವೇನಲ್ಲ.

ಇನ್ನು ಹೆಣ್ಣುಮಕ್ಕಳ ವಿಷಯ. ಇದನ್ನು ಅವಸರದಲ್ಲಿ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಶಿಬಿರಗಳಿಗೆ ಹುಡುಗಿಯರು ಬರುವುದಿಲ್ಲ ಎನ್ನುವ ಮಾತು ಸುಳ್ಳು. ಬರುತ್ತಾರೆ, ಗುಂಪುಗುಂಪಾಗಿ ಬರುತ್ತಾರೆ, ಗೆಳತಿಯರ ಕೈ ಹಿಡಿದುಕೊಂಡು ಬರುತ್ತಾರೆ. ಆ ನೀಲಿ ದ್ರಾವಣಕ್ಕೆ ಹನಿ ಬಿಟ್ಟಾಗ ಅದು ಮೇಲೆಯೇ ನಿಲ್ಲುತ್ತದೆ. ಕೆಲವೊಮ್ಮೆ ಅರ್ಧದವರೆಗೆ ಇಳಿದು ಮತ್ತೆ ಮೇಲೇರುತ್ತದೆ. ಅದನ್ನು ನೋಡುತ್ತಿರುವ ಹುಡುಗಿಯ ಮುಖವನ್ನು ನೀವು ನೋಡಬೇಕು, ಸಚಿವರೇ. ಪರೀಕ್ಷೆಯಲ್ಲಿ ಫೇಲಾದಷ್ಟು ನಾಚಿಕೆ. "ಮೇಡಂ, ಇನ್ನೊಂದು ಸಲ ನೋಡಿ" ಎಂದು ಇನ್ನೊಂದು ಬೆರಳು ಚಾಚುತ್ತಾರೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಂದಿನ ಸಮೀಕ್ಷೆಗಿಂತ ಅದು ಹೆಚ್ಚಾಗಿದೆ. ಬೀಡಿ ಕಟ್ಟುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಸಾವಿರಾರು. ಬೀಡಿ ಎಲೆಯ ಮೊರ ಮಡಿಲಲ್ಲಿಟ್ಟುಕೊಂಡು ಬೆಳಗಿನಿಂದ ಕುಳಿತ ತಾಯಿಯೂ ಮಗಳೂ ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಣ್ಣುವವರು. ಕೊಡಬೇಕೆಂಬ ಮನಸ್ಸು ಅವರಲ್ಲಿ ಯಾರಿಗಿಂತಲೂ ಕಡಿಮೆಯಿಲ್ಲ. ಕೊಡಲು ಬೇಕಾದ ಕಬ್ಬಿಣದ ಅಂಶ ಮೈಯಲ್ಲಿಲ್ಲ.

ಆಗ ನಾವು ಮಾಡುವುದೇನು? ನಮೂನೆಯ ಮೇಲೆ "ತಾತ್ಕಾಲಿಕವಾಗಿ ಅನರ್ಹ" ಎಂದು ಬರೆದು ಕಳುಹಿಸುತ್ತೇವೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಹಾಗಾಗಬಾರದು. ರಕ್ತ ಕೊಡಲು ಬಂದು ಹಿಂದಿರುಗಿದ ಪ್ರತಿ ಹುಡುಗಿಯ ವಿವರ, ಆಕೆ ಒಪ್ಪಿದರೆ, ಅವಳ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಲಿ. ಆಶಾ ಕಾರ್ಯಕರ್ತೆ ಕಬ್ಬಿಣದ ಮಾತ್ರೆ ಕೊಟ್ಟು, ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಲಿ. ಹಾಗೆ ಚೇತರಿಸಿಕೊಂಡು, ಮುಂದಿನ ವರ್ಷ ಬಂದು ತನ್ನ ಹನಿ ಮುಳುಗಿದ್ದನ್ನು ಕಂಡು ಚಪ್ಪಾಳೆ ತಟ್ಟಿದ ಒಬ್ಬ ವಿದ್ಯಾರ್ಥಿನಿಯನ್ನು ನಾನು ಬಲ್ಲೆ. ಅವಳ ಕಾಲೇಜಿನ ಉಪನ್ಯಾಸಕಿಯೊಬ್ಬರು ಬೆನ್ನು ಹತ್ತಿ ಮಾತ್ರೆ ನುಂಗಿಸಿದ್ದರು, ಅಷ್ಟೆ. ಶಿಬಿರಗಳಲ್ಲಿ ಹೆಂಗಸರಿಗೆ ಪರದೆ ಕಟ್ಟಿದ ಮಂಚ, ಬಳಸುವಂಥ ಶೌಚಾಲಯ ಇರುವುದು ಕಡ್ಡಾಯವಾಗಲಿ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಅಪರೂಪದ ಗುಂಪಿನವರನ್ನು ಬೇರೆಯಾಗಿಯೇ ನೆನೆಯಬೇಕು. ನೆಗೆಟಿವ್ ಗುಂಪಿನವರು ನಮ್ಮ ದೇಶದಲ್ಲಿ ಕಡಿಮೆ. ಅವರು ಸುಮ್ಮನೆ ಶಿಬಿರಕ್ಕೆ ಬಂದು ಕೊಡುವುದಕ್ಕೂ ಯೋಚಿಸುತ್ತಾರೆ, ನಾಳೆಯೇ ಯಾರಿಗಾದರೂ ಬೇಕಾದರೆ ಎಂದು. ಇನ್ನು 1952ರಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುರುತಿಸಿದ ಬಾಂಬೆ ಗುಂಪು. ಸಾಮಾನ್ಯ ಪರೀಕ್ಷೆಯಲ್ಲಿ ಓ ಗುಂಪಿನಂತೆಯೇ ಕಾಣುತ್ತದೆ, ಆದರೆ ಓ ರಕ್ತ ಹಾಕಿದರೆ ಪ್ರಾಣಕ್ಕೇ ಅಪಾಯ. ಬಾಂಬೆ ಗುಂಪಿನವರಿಗೆ ಬಾಂಬೆ ಗುಂಪೇ ಆಗಬೇಕು. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರು ಅಂಥವರು. ತಮ್ಮದು ಈ ಗುಂಪು ಎಂದು ಗೊತ್ತಾದ ದಿನದಿಂದ ಊರು ಬಿಟ್ಟು ಹೋಗುವಾಗಲೂ ತಿಳಿಸಿ ಹೋಗುವವರಿದ್ದಾರೆ, ಕರೆ ಬಂದರೆ ರಾತ್ರಿ ಬಸ್ ಹತ್ತಿ ಬೇರೆ ಜಿಲ್ಲೆಗೆ ಹೋಗಿ ಕೊಡುವವರಿದ್ದಾರೆ. ಆ ಬಸ್ ಟಿಕೆಟ್ಟಿನ ಹಣವನ್ನೂ ಅವರೇ ಹಾಕುತ್ತಾರೆ. ಒಂದು ಪಾಸ್ ಕೊಡಿ. ಅವರಿಗೊಂದು ಸರ್ಕಾರಿ ಬಸ್ ಪಾಸ್ ಕೊಡಲು ಯಾವ ಕಡತ 'ಪರಿಶೀಲನೆಯಲ್ಲಿದೆ' ಎಂದು ಕೂರಬೇಕಾಗಿಲ್ಲ.

ಕೊನೆಯದಾಗಿ ದಾನಿಗಳೇ ಬಾಯಿಬಿಟ್ಟು ಕೇಳಿದ ಒಂದು ಸಂಗತಿ. ನನ್ನ ರಕ್ತ ಏನಾಯಿತು ಮೇಡಂ, ಎಂದು ಅನೇಕರು ವಿಚಾರಿಸುತ್ತಿದ್ದರು. ಉಪಯೋಗಕ್ಕೆ ಬಂತೇ? ಯಾರಿಗೆ ಎಂದು ಬೇಡ, ಬಂತೋ ಇಲ್ಲವೋ ಅಷ್ಟು ಹೇಳಿ. ಚೀಲದ ಸಂಖ್ಯೆ ನಮ್ಮಲ್ಲಿರುತ್ತದೆ, ಅದು ಯಾವ ದಿನ ಯಾವ ವಾರ್ಡಿಗೆ ಹೋಯಿತೆಂಬ ದಾಖಲೆಯೂ ಇರುತ್ತದೆ, ದಾನಿಯ ಮೊಬೈಲ್ ಸಂಖ್ಯೆಯೂ ಇರುತ್ತದೆ. 2016ರಿಂದ ರಕ್ತ ಕೇಂದ್ರಗಳ ವಿವರಗಳನ್ನು ಇಡುವ ಇ-ರಕ್ತಕೋಶ್ ಎಂಬ ಆನ್‌ಲೈನ್ ವ್ಯವಸ್ಥೆಯೂ ಇದೆ. "ನೀವು ಕೊಟ್ಟ ರಕ್ತ ಇಂದು ಒಬ್ಬರಿಗೆ ಉಪಯೋಗಕ್ಕೆ ಬಂತು" ಎಂಬ ಒಂದು ಸಾಲು, ಕನ್ನಡದಲ್ಲಿ, ಅವರ ಮೊಬೈಲಿಗೆ ಹೋಗುವಂತೆ ಮಾಡಿಸಿ. ರೋಗಿಯ ಹೆಸರು ಬೇಡ, ಆಸ್ಪತ್ರೆಯ ಹೆಸರೂ ಬೇಡ.

ಈ ವರ್ಷದ ಅಕ್ಟೋಬರ್ 1ರ ಸಮಾರಂಭಕ್ಕೆ ನೀವು ನಮ್ಮ ಜಿಲ್ಲೆಗೆ ಬರುವುದಾದರೆ ಭಾಷಣಗಳನ್ನು ಎರಡಕ್ಕೆ ಇಳಿಸಿ, ಉಳಿದ ಹೊತ್ತು ಮೈಕನ್ನು ದಾನಿಗಳ ಸಾಲಿಗೆ ಕೊಡಿ. ಮರುದಿನ ಜಿಲ್ಲೆಯ ಎಲ್ಲ ಆಸ್ಪತ್ರೆಗಳಿಗೆ ಒಂದು ಸುತ್ತೋಲೆ ಹೊರಡಿಸಿ: ರಕ್ತ ಬೇಕಾದ ಯಾವ ರೋಗಿಯ ಕಡೆಯವರ ಕೈಗೂ ಬದಲಿ ದಾನಿಯನ್ನು ತನ್ನಿ ಎಂಬ ಚೀಟಿ ಕೊಡಬಾರದು, ಕೊಟ್ಟರೆ ಯಾರಿಗೆ ದೂರು ಕೊಡಬೇಕು ಎಂಬ ಫೋನ್ ಸಂಖ್ಯೆ ಪ್ರತಿ ರಕ್ತ ಕೇಂದ್ರದ ಬಾಗಿಲಲ್ಲಿ ದೊಡ್ಡ ಅಕ್ಷರಗಳಲ್ಲಿ ಇರಬೇಕು. ತಾಲ್ಲೂಕು ಸಂಯೋಜಕರ ನೇಮಕಕ್ಕೆ ಬರುವ ಬಜೆಟ್ಟಿನಲ್ಲಿ ಹಣ ಇಡಿ. ಅವರಿಗೆ ಊರೂರಿನ ದಾನಿಗಳ ಪರಿಚಯ ಮಾಡಿಸಿ ಕೆಲಸ ಕಲಿಸಲು ನನ್ನಂಥ ನಿವೃತ್ತರು ಸಂಬಳವಿಲ್ಲದೆ ಬರಲು ಸಿದ್ಧರಿದ್ದೇವೆ. ಕರೆದರೆ ಸಾಕು.

ಇತಿ,
ವಿಶ್ವಾಸಪೂರ್ವಕವಾಗಿ,
ನಿವೃತ್ತ ಆಪ್ತ ಸಮಾಲೋಚಕಿ,
ದಕ್ಷಿಣ ಕನ್ನಡ